ಮರ ನೆಟ್ಟ ಆ ಅಜ್ಜ ನಿಜವಾಗ್ಲೂ ಇದ್ದನಾ?

ಚಳ್ಳಕೆರೆ ಕಡೆಯ ಮೇಷ್ಟ್ರೊಬ್ಬರು ಕೇಳಿದ್ದಾರೆ: ‘ಶಾಲೆಯಲ್ಲಿ “ಮರಗಳನ್ನು ನೆಟ್ಟ ಮನುಷ್ಯ” ಅನಿಮೇಷನ್ ಚಿತ್ರ ತೋರಿಸಿದೆ. ಮುಗಿಯುತ್ತಲೇ ಮಕ್ಕಳು, ಈ ಅಜ್ಜ ನಿಜವಾಗ್ಲೂ ಇದ್ದನಾ ಸಾರ್ ಅಂದರು. ಏನು ಹೇಳಲಿ?’

ಇರಲಿಲ್ಲ ಮೇಷ್ಟ್ರೇ. ಎಲ್ಜೆಯಾರ್ ಬುಫಿಯೆ ಎಂಬ ಆ ಕುರಿಗಾಹಿ ಫ್ರೆಂಚ್ ಕತೆಗಾರ ಝಾಂ ಜಿಯೋನೊ 1953ರಲ್ಲಿ ಕಲ್ಪಿಸಿದ ಪಾತ್ರ. ಮರೆಯಲಾಗದ ವ್ಯಕ್ತಿಯೊಬ್ಬರ ಬಗ್ಗೆ ಬರೆದುಕೊಡಿ ಎಂದು ಅಮೆರಿಕದ ಪತ್ರಿಕೆಯೊಂದು ಕೇಳಿತ್ತು. ಇವರು ಕಳಿಸಿದ್ದು ಈ ಕತೆ. ವಿಚಾರಿಸಿದರೆ ಅಂಥ ಮನುಷ್ಯನೇ ಸಿಗದೆ ಅವರು ಬೇಡವೆಂದರು. 1954ರಲ್ಲಿ ಇನ್ನೊಂದು ಪತ್ರಿಕೆ ಅಚ್ಚು ಹಾಕಿತು. 1957ರಲ್ಲಿ ಅರಣ್ಯಾಧಿಕಾರಿಯೊಬ್ಬರಿಗೆ ಬರೆದ ಪತ್ರದಲ್ಲಿ ಜಿಯೋನೊ, ಅವನು ಕಲ್ಪನೆ, ಜನಕ್ಕೆ ಮರದ ಮೇಲೆ ಪ್ರೀತಿ ಹುಟ್ಟಲಿ ಅಂತ ಬರೆದೆ ಎಂದು ತಿಳಿಸಿದರು.

ಮಕ್ಕಳು ನಂಬಿದ್ದು ಸಹಜ. ಸಾಲುಮರದ ತಿಮ್ಮಕ್ಕನ ಹೆಸರು ಕೇಳಿ ಬೆಳೆದವರು ಅವರು. ಜೊತೆಗೆ ಕತೆಯೊಳಗಿನ ಲೆಕ್ಕ ನೋಡಿ: ಮೂರು ವರ್ಷದಲ್ಲಿ ಅಜ್ಜ ಊರಿದ್ದು ಒಂದು ಲಕ್ಷ ಓಕ್ ಬೀಜ, ಮೊಳೆತದ್ದು 20,000, ಅದರಲ್ಲೂ ಅರ್ಧ ಇಲಿ-ಹೆಗ್ಗಣಗಳ ಪಾಲೋ ವಿಧಿಯ ಪಾಲೋ ಆದೀತೆಂದು ಅವನೇ ಹೇಳುತ್ತಾನೆ. ಬೇಸಿಗೆಯಲ್ಲಿ ಹೊಂಗೆ, ಬೇವಿನ ಸಸಿಗೆ ಕೊಡದಲ್ಲಿ ನೀರು ಹೊತ್ತವರು ಈ ಲೆಕ್ಕವನ್ನು ಸುಳ್ಳೆನ್ನಲಾರರು.

ನಿಮ್ಮ ಸೀಮೆಯ ಮಕ್ಕಳಿಗೆ ನಾಟುವ ಸಂಗತಿ ಇನ್ನೊಂದಿದೆ. ಎಳೆ ಸಸಿಗಳಿಗೆ ಕುರಿ ಬಾಯಿ ಹಾಕುತ್ತವೆಂದು ಅಜ್ಜ ಮಂದೆಯನ್ನೇ ಬಿಟ್ಟುಬಿಡುತ್ತಾನೆ. ನಾಲ್ಕೇ ಕುರಿ ಉಳಿಸಿಕೊಂಡು ನೂರು ಜೇನುಪೆಟ್ಟಿಗೆ ಇಡುತ್ತಾನೆ. ಕಂಬಳಿ ನೇಯುವ, ಮಂದೆ ಕಾಯುವ ಮನೆಯ ಮಕ್ಕಳನ್ನು ಕೇಳಿ, ಕುರಿ ಬಿಡುವುದೆಂದರೆ ಏನು ಅಂತ ಅವರೇ ಹೇಳುತ್ತಾರೆ. ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದೂ ಇದೇ ಜಾಗ.

ಚಿತ್ರ ಮಾಡಿದವರು ಕೆನಡಾದ ಫ್ರೆಡರಿಕ್ ಬ್ಯಾಕ್, 1987ರಲ್ಲಿ. ಮಸುಕು ಗಾಜಿನಂಥ ಹಾಳೆಗಳ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಸಾವಿರಾರು ಚಿತ್ರ ಬರೆದು ಅರ್ಧ ಗಂಟೆಯ ಸಿನಿಮಾ ಮಾಡಿದರು. ಮರುವರ್ಷ ಆಸ್ಕರ್ ಬಂತು. ಶುರುವಿನಲ್ಲಿ ತೆರೆಯೆಲ್ಲ ಒಣಮಣ್ಣಿನ ಬಣ್ಣ, ಜೋಗಿಮಟ್ಟಿಯ ಮೇಲೆ ನಿಂತಾಗ ಕಿವಿಗಪ್ಪಳಿಸುವಂಥ ಗಾಳಿ. ಬಣ್ಣ ಬರುವುದು ಮರ ಎದ್ದು, ತೊರೆಯಲ್ಲಿ ನೀರು ಹರಿದ ಮೇಲೆ.

ಸತ್ಯ ಹೇಳಿಬಿಡಿ ಮೇಷ್ಟ್ರೇ, ಮುಚ್ಚಿಡಬೇಡಿ. ಹೇಳಿದ ಮೇಲೆ ಚಿತ್ರವನ್ನು ಇನ್ನೊಮ್ಮೆ ಹಾಕಿ, ಮೊದಲ ಹಸಿರು ಎಲ್ಲಿ ಕಾಣುತ್ತದೆ ಎಂದು ಮಕ್ಕಳನ್ನೇ ಹುಡುಕಲು ಬಿಡಿ.