ಕಣ್ಣು ಹಳದಿಯಾದವರಿಗೆಲ್ಲ ನೆಲನೆಲ್ಲಿಯೇ ಮದ್ದಲ್ಲ

ಮಳೆ ಹಿಡಿದರೆ ಸಾಕು, ಗದ್ದೆ ಬದು, ಹಿತ್ತಲು, ತೋಟ, ಎಲ್ಲ ಕಡೆ ನೆಲನೆಲ್ಲಿ ಏಳುತ್ತದೆ. ಎಲೆಯಡಿ ಸಾಲಾಗಿ ಸಾಸಿವೆಯಷ್ಟು ಕಾಯಿ, ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಕಾಮಾಲೆಯವರು ನನ್ನ ಹತ್ತಿರ ಜಾಸ್ತಿ ಬರುವುದೂ ಅದೇ ಕಾಲಕ್ಕೆ. "ಡಾಕ್ಟ್ರೇ, ವಾರದಿಂದ ನೆಲನೆಲ್ಲಿ ಅರೆದು ಮಜ್ಜಿಗೇಲಿ ಕುಡೀತಿದ್ದೀನಿ, ಇಳೀತಾನೇ ಇಲ್ಲ" ಅನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದ್ರಾ? "ಕಣ್ಣೇ ಹಳದಿ ಇದೆಯಲ್ಲ, ಇನ್ಯಾಕೆ ಪರೀಕ್ಷೆ?"

ನಾನು ಆಯುರ್ವೇದ ಓದಿದವನು. ನೆಲನೆಲ್ಲಿ ನಾನೂ ಕೊಡುತ್ತೇನೆ. ನನ್ನ ತಕರಾರು ಗಿಡದ ಮೇಲಲ್ಲ.

ಕಾಮಾಲೆ ಒಂದೇ ಕಾಯಿಲೆಯಲ್ಲ. ಹಳೆಯ ರಕ್ತಕಣ ಒಡೆದಾಗ ಬಿಲಿರುಬಿನ್ ಅನ್ನುವ ಹಳದಿ ಬಣ್ಣ ಹುಟ್ಟುತ್ತದೆ. ಲಿವರ್ ಅದನ್ನು ಪಿತ್ತದ ಜೊತೆ ಕರುಳಿಗೆ ಸಾಗಿಸುತ್ತದೆ. ರಕ್ತಕಣ ವಿಪರೀತ ಒಡೆದರೂ ಕಣ್ಣು ಹಳದಿ. ವೈರಸ್ಸು, ಹೆಂಡ, ಮಾತ್ರೆ, ಇಲಿಜ್ವರದಿಂದ ಲಿವರ್ ಕೆಟ್ಟರೂ ಹಳದಿ. ಪಿತ್ತನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡ ಬಂದರೂ ಹಳದಿ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಒಬ್ಬ ಅಡಿಕೆ ಬೆಳೆಗಾರರು ಬಂದಿದ್ದರು. ಮೈತುಂಬ ಉಗುರಿನ ಗೀರು, ಅಷ್ಟು ತುರಿಕೆ. ಮಲದ ಬಣ್ಣ ಕೇಳಿದೆ. "ಬೂದಿ ಥರ ಬಿಳಿ" ಅಂದರು. ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಅನ್ನುವುದಕ್ಕೆ ಅದೇ ಗುರುತು. ಸ್ಕ್ಯಾನ್‌ನಲ್ಲಿ ನಾಳದೊಳಗೆ ಕಲ್ಲು ಕಾಣಿಸಿತು. ಎಂಡೋಸ್ಕೋಪಿಯಲ್ಲಿ ತೆಗೆದರು, ಹಳದಿ ಇಳಿಯಿತು. ಅದಕ್ಕೂ ಮೊದಲು ಅವರು ವಾರಗಟ್ಟಲೆ ಕಷಾಯ ಕುಡಿದಿದ್ದರು. ಎಷ್ಟು ಕುಡಿದರೂ ಕಲ್ಲು ಅಲ್ಲಾಡುತ್ತಿತ್ತಾ?

ಹಾಗಾದರೆ ಇಷ್ಟು ಜನರಿಗೆ ವಾಸಿಯಾಗಿದ್ದು ಹೇಗೆ? ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ, ಅಂದರೆ ವೈರಸ್ಸಿನಿಂದಾಗುವ ಒಂದು ಬಗೆಯ ಲಿವರ್ ಊತ, ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಏನು ಕುಡಿದಿದ್ದರೋ ಅದಕ್ಕೆ ಹೆಸರು. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು.

ಗಿಡದಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. 1988ರಲ್ಲಿ ಚೆನ್ನೈನ ವೈದ್ಯರು ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ 30 ದಿನ ಇದರ ಪುಡಿ ಕೊಟ್ಟರು. 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತು ಅಂತ ವರದಿಯಾಯಿತು. ದೊಡ್ಡ ಸುದ್ದಿಯೇ ಅದು. ಆಮೇಲೆ ಬೇರೆ ಕಡೆ ಪರೀಕ್ಷೆ ಮಾಡಿದಾಗ ಅಷ್ಟು ಫಲ ಸಿಗಲಿಲ್ಲ. ಹಾಗಾಗಿ ಪೂರಕವಾಗಿ ಕೊಡಬಹುದು, ಅದೊಂದನ್ನೇ ನಂಬಿ ಕೂರುವಂತಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಎಲ್‌ಎಫ್‌ಟಿ (ಲಿವರ್ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ), ಪಿಟಿ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ, ಬೇಕಿದ್ದರೆ ಹೊಟ್ಟೆಯ ಸ್ಕ್ಯಾನ್. ಕಾಮಾಲೆಯವರಿಗೆ ಮಂಪರು, ತಡವರಿಸುವ ಮಾತು, ವಸಡಿನಲ್ಲಿ ರಕ್ತ ಕಂಡರೆ ಒಂದು ರಾತ್ರಿಯೂ ಕಾಯಬೇಡಿ. ಬಸುರಿಗೆ ಕಾಮಾಲೆ ಬಂದರೂ ಅಷ್ಟೇ, ಹೆಪಟೈಟಿಸ್ ಇ ಆಗಿದ್ದರೆ ತಾಯಿಯ ಜೀವಕ್ಕೇ ಅಪಾಯ. ಕ್ಷಯದ ಮಾತ್ರೆ ನುಂಗುತ್ತಿರುವವರು ಕಣ್ಣು ಹಳದಿಯಾದರೆ ಮಾತ್ರೆ ಕೊಟ್ಟ ಡಾಕ್ಟರಿಗೆ ಅವತ್ತೇ ತೋರಿಸಿ.

ಕಾರಣ ಗೊತ್ತಾದ ಮೇಲೆ ನೆಲನೆಲ್ಲಿ ಬೇಕಾ, ಎಷ್ಟು ಅನ್ನುವುದನ್ನು ಕೂತು ಮಾತಾಡೋಣ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಅದನ್ನು ಮುಚ್ಚಿಡಬೇಡಿ, ನೆಲನೆಲ್ಲಿಯೂ ಜೊತೆ ಸೇರಿದರೆ ಸಕ್ಕರೆ ಇನ್ನಷ್ಟು ಇಳಿಯಬಹುದು. ಹಾಗೇ ಪಥ್ಯ ಅಂತ ಮಕ್ಕಳಿಗೆ ಉಪ್ಪು, ಬೇಳೆ, ಎಣ್ಣೆ ಎಲ್ಲ ಬಿಡಿಸಿ ಬರೀ ಗಂಜಿ ಕೊಡಬೇಡಿ. ಸೊರಗಿದ ಮಗುವಿಗೆ ಊಟ ಬೇಕು. ಬಿಡಬೇಕಾದ್ದು ದೊಡ್ಡವರ ಹೆಂಡ, ಡಾಕ್ಟರನ್ನು ಕೇಳದೆ ನುಂಗುವ ಜ್ವರದ ಮಾತ್ರೆ.