ಬಹ್ಮನ್: ‘ಒಳ್ಳೆಯ ಮನಸ್ಸು’ ಎಂಬ ಹೆಸರಿನ ಕಥೆ

ಕಲಬುರಗಿಯ ಕೋಟೆ, ಬೀದರಿನ ಮದರಸಾ, ಅಷ್ಟೂರಿನ ಗುಮ್ಮಟಗಳು ಎಂದ ಕೂಡಲೇ ನಾಲಿಗೆಗೆ ಬರುವ ಮಾತು ‘ಬಹಮನಿ’. ಶಾಲೆಯ ಇತಿಹಾಸ ಪಾಠದಲ್ಲಿ ಅದು ವಿಜಯನಗರದ ಎದುರಾಳಿಯಾಗಿ ಬಂದು, ಐದು ಹೋಳಾಗಿ ಮುಗಿದುಹೋಗುತ್ತದೆ. ಆ ಮಾತಿನೊಳಗೆ ಒಂದು ಗಂಡುಮಗುವಿನ ಹೆಸರು ಕುಳಿತಿದೆ ಎನ್ನುವುದನ್ನು ಪಾಠದಲ್ಲಿ ಯಾರೂ ಹೇಳುವುದಿಲ್ಲ. ಪರ್ಷಿಯನ್ ಭಾಷೆಯಲ್ಲಿ ಹೆಸರಿನ ತುದಿಗೆ ‘ಈ’ ಹಚ್ಚಿದರೆ ‘ಅದಕ್ಕೆ ಸೇರಿದ’ ಎಂದಾಗುತ್ತದೆ. ಶಿರಾಜ್‌ನವನು ಶಿರಾಜಿ, ದಖನ್ನಿನದು ದಖನಿ, ಬಹ್ಮನ್ ವಂಶದವನು ಬಹ್ಮನೀ. ಈ ಬಹ್ಮನ್ ಯಾರು, ಆ ಹೆಸರಿನ ಅರ್ಥವೇನು, ಅದು ಇರಾನಿನಿಂದ ನಮ್ಮ ಬಿಸಿಲು ನಾಡಿನವರೆಗೆ ಹೇಗೆ ಬಂತು ಎನ್ನುವುದು ತಿಳಿದುಕೊಳ್ಳಲೇಬೇಕಾದ ಕಥೆ.

ಹೆಸರಿನ ಬೇರು ಪ್ರಾಚೀನ ಇರಾನಿನ ಪ್ರವಾದಿ ಜರತುಷ್ಟ್ರನ ಗಾಥೆಗಳಲ್ಲಿದೆ. ಅವೆಸ್ತಾ ಭಾಷೆಯ ಆ ಹಾಡುಗಳಲ್ಲಿ ‘ವೋಹು ಮನಃ’ ಎಂಬ ಜೋಡಿ ಮಾತು ಮತ್ತೆ ಮತ್ತೆ ಬರುತ್ತದೆ. ಅದರ ಅರ್ಥ ಒಳ್ಳೆಯ ಮನಸ್ಸು, ಒಳ್ಳೆಯ ಯೋಚನೆ. ಸಂಸ್ಕೃತ ಬಲ್ಲವರಿಗೆ ಇದು ಅಪರಿಚಿತವಲ್ಲ. ಸಂಸ್ಕೃತದ ಸಕಾರ ಇರಾನಿನ ಕಡೆ ಅನೇಕ ಸಲ ಹಕಾರವಾಗುತ್ತದೆ: ಸಪ್ತ ಅಲ್ಲಿ ಹಪ್ತ, ಸಿಂಧು ಅಲ್ಲಿ ಹಿಂದು. ಹಾಗೆಯೇ ‘ವಸು’ ಅಲ್ಲಿ ‘ವೋಹು’. ‘ಮನಸ್’ ಎರಡೂ ಕಡೆ ಮನಸ್ಸೇ. ಮಹಾಭಾರತದ ಶಾಂತಿಪರ್ವದಲ್ಲಿ ಬೃಹಸ್ಪತಿಯನ್ನು ರಾಜಧರ್ಮದ ಬಗ್ಗೆ ಕೇಳುವ ಕೋಸಲದ ಅರಸನ ಹೆಸರು ವಸುಮನಸ್. ಯಯಾತಿಯ ಮಗಳು ಮಾಧವಿಯ ಮಗ ಅವನು. ಬಹ್ಮನ್ ಮತ್ತು ವಸುಮನಸ್ ಒಂದೇ ಬೇರಿನ ಎರಡು ಚಿಗುರುಗಳು ಎಂದು ಗೊತ್ತಾದಾಗ ನನಗೆ ಆದ ಸಂತೋಷ ಸಣ್ಣದಲ್ಲ.

‘ವೋಹು ಮನಃ’ ಮಧ್ಯಕಾಲದ ಪಹ್ಲವಿ ಭಾಷೆಗೆ ಬರುವಾಗ ‘ವಹ್ಮನ್’ ಆಯಿತು, ಹೊಸ ಪರ್ಷಿಯನ್ನಿನಲ್ಲಿ ‘ಬಹ್ಮನ್’. ವಕಾರ ಬಕಾರವಾಗುವ ಈ ದಾರಿ ಕನ್ನಡಿಗರಿಗೆ ಹೊಸದಲ್ಲ. ವನ ಬನವಾಗಿ, ವರ್ಣ ಬಣ್ಣವಾಗಿ, ವೃಷಭ ಬಸವನಾಗಿ ನಮ್ಮಲ್ಲೂ ಅದೇ ನಡೆದಿದೆ.

ಜರತುಷ್ಟ್ರ ಧರ್ಮದಲ್ಲಿ ಒಳ್ಳೆಯ ಮನಸ್ಸು ಬರೀ ಗುಣವಲ್ಲ, ದೈವ. ಪರಮದೈವ ಅಹುರ ಮಜ್ದಾನ ಸುತ್ತ ಇರುವ ‘ಅಮೇಷ ಸ್ಪೆಂತ’ ಎಂಬ ಅಮರ ಶಕ್ತಿಗಳಲ್ಲಿ ವೋಹು ಮನಃ ಒಬ್ಬ. ಜರತುಷ್ಟ್ರನಿಗೆ ಮೂವತ್ತು ವರ್ಷವಾಗಿದ್ದಾಗ, ವಸಂತದ ಹಬ್ಬಕ್ಕೆ ನದಿಯಿಂದ ನೀರು ತರಲು ಹೋದಾಗ, ದಡದಲ್ಲಿ ಬೆಳಕಿನ ರೂಪವೊಂದು ಎದುರಾಗಿ ಅವನನ್ನು ಅಹುರ ಮಜ್ದಾನ ಬಳಿಗೆ ಕರೆದೊಯ್ದಿತು ಎಂದು ಪರಂಪರೆ ಹೇಳುತ್ತದೆ. ಆ ರೂಪ ವೋಹು ಮನಃ. ಅದೇ ಧರ್ಮದ ವೆಂದಿದಾದ್ ಗ್ರಂಥದಲ್ಲಿ ಇನ್ನೊಂದು ಚಿತ್ರವಿದೆ: ಸಜ್ಜನನ ಆತ್ಮ ಸ್ವರ್ಗದ ಬಾಗಿಲಿಗೆ ಬಂದಾಗ ವೋಹು ಮನಃ ತನ್ನ ಚಿನ್ನದ ಆಸನದಿಂದ ಎದ್ದು ನಿಂತು ಬರಮಾಡಿಕೊಳ್ಳುತ್ತಾನೆ. ಬಂದ ಅತಿಥಿಗಾಗಿ ದೈವವೇ ಎದ್ದು ನಿಲ್ಲುವ ಈ ಸೌಜನ್ಯ ನನಗೆ ಬಹಳ ಹಿಡಿಸಿದೆ.

ಇದೇ ದೈವ ದನಕರುಗಳ ರಕ್ಷಕನೂ ಹೌದು. ಆದ್ದರಿಂದ ಇಂದಿಗೂ ಅನೇಕ ಪಾರ್ಸಿ ಮನೆಗಳಲ್ಲಿ ಬಹ್ಮನ್ ತಿಂಗಳು ಪೂರ್ತಿ ಮಾಂಸ ತಿನ್ನುವುದಿಲ್ಲ. ಇರಾನಿನ ಪಂಚಾಂಗದಲ್ಲಿ ಬಹ್ಮನ್ ಹನ್ನೊಂದನೆಯ ತಿಂಗಳು, ಸುಮಾರು ಜನವರಿ 21ರಿಂದ ಫೆಬ್ರವರಿ 19ರವರೆಗೆ. ಹಳೆಯ ಲೆಕ್ಕದಲ್ಲಿ ಪ್ರತಿ ತಿಂಗಳ ಎರಡನೆಯ ದಿನದ ಹೆಸರೂ ಬಹ್ಮನ್. ತಿಂಗಳ ಹೆಸರೂ ದಿನದ ಹೆಸರೂ ಕೂಡಿದರೆ ಹಬ್ಬ. ಬಹ್ಮನ್ ತಿಂಗಳ ಬಹ್ಮನ್ ದಿನದಂದು ‘ಬಹ್ಮನ್‌ಗಾನ್’. ಆ ದಿನ ಬಹ್ಮನ್ ಎಂಬ ಗಿಡದ ಬೇರನ್ನು ಹಾಲಿನ ಜೊತೆ ಸೇವಿಸಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಮಧ್ಯಕಾಲದ ವಿದ್ವಾಂಸ ಅಲ್‌ಬೀರೂನಿ ಬರೆದಿಟ್ಟಿದ್ದಾನೆ. ಆ ಬೇರು ನಮ್ಮ ಯುನಾನಿ ಹಕೀಮರಿಗೂ ಗೊತ್ತು. ಬಿಳಿಯದು ‘ಬಹಮನ್ ಸಫೇದ್’, ಕೆಂಪಗಿನದು ‘ಬಹಮನ್ ಸುರ್ಖ್’. ಇಂದಿನ ಪರ್ಷಿಯನ್ನಿನಲ್ಲಿ ಬೆಟ್ಟದಿಂದ ಕುಸಿದು ಬರುವ ಹಿಮರಾಶಿಯನ್ನೂ ‘ಬಹ್ಮನ್’ ಎಂದೇ ಕರೆಯುತ್ತಾರೆ.

ಹೆಸರಿಗೆ ಮನುಷ್ಯನ ಮುಖ ಕೊಟ್ಟವನು ಪರ್ಷಿಯನ್ ಕವಿ ಫಿರ್ದೌಸಿ. ಸುಮಾರು 1010ರಲ್ಲಿ ಮುಗಿದ ಅವನ ಮಹಾಕಾವ್ಯ ಶಾಹನಾಮೆಯಲ್ಲಿ ಬಹ್ಮನ್ ರಾಜಕುಮಾರ ಇಸ್ಫಂದಿಯಾರನ ಮಗ, ಅರಸ ಗುಷ್ತಾಸ್ಪನ ಮೊಮ್ಮಗ. ಗುಷ್ತಾಸ್ಪ ತನ್ನ ಮಗನಿಗೆ, ಮಹಾವೀರ ರುಸ್ತುಮನನ್ನು ಕೈಕಟ್ಟಿ ತಾ ಎನ್ನುತ್ತಾನೆ. ಇಸ್ಫಂದಿಯಾರ್ ಮೊದಲು ಹುಡುಗ ಬಹ್ಮನ್‌ನನ್ನು ದೂತನಾಗಿ ಕಳಿಸುತ್ತಾನೆ. ಬಹ್ಮನ್ ಬೆಟ್ಟದ ಮೇಲಿಂದ ಇಣುಕಿ ನೋಡಿದರೆ, ಕೆಳಗೆ ರುಸ್ತುಂ ಇಡೀ ಕಾಡುಕತ್ತೆಯನ್ನು ಸುಟ್ಟು ತಿನ್ನುತ್ತಿದ್ದಾನೆ. ಇಂಥವನೆದುರು ಅಪ್ಪ ಉಳಿಯುವುದುಂಟೇ ಎಂದು ಹುಡುಗ ಹೆದರುತ್ತಾನೆ. ದೊಡ್ಡ ಬಂಡೆಯೊಂದನ್ನು ಉರುಳಿಸಿಬಿಡುತ್ತಾನೆ. ರುಸ್ತುಮನ ತಮ್ಮ ಜವಾರಾ ಕಿರುಚುತ್ತಾನೆ. ರುಸ್ತುಂ ಕೂತಲ್ಲಿಂದ ಅಲುಗದೆ, ಬಂಡೆ ಹತ್ತಿರ ಬಂದಾಗ ಕಾಲಿನಿಂದ ಒದ್ದು ಆಚೆ ಸರಿಸುತ್ತಾನೆ.

ಕೊನೆಗೆ ಆ ಕಾಳಗ ಆಗಿಯೇ ತೀರುತ್ತದೆ. ಸೀಮುರ್ಘ್ ಪಕ್ಷಿ ಹೇಳಿಕೊಟ್ಟ ಉಪಾಯದಿಂದ ಕಣ್ಣಿಗೆ ಬಾಣ ತಗುಲಿ ಇಸ್ಫಂದಿಯಾರ್ ಬೀಳುತ್ತಾನೆ. ಸಾಯುವ ಹೊತ್ತಿಗೆ ಅವನು ತನ್ನ ಮಗನನ್ನು ತನ್ನನ್ನು ಕೊಂದವನ ಕೈಗೇ ಒಪ್ಪಿಸುತ್ತಾನೆ: ಇವನಿಗೆ ಯುದ್ಧವನ್ನೂ ಸಭೆಯ ರೀತಿಯನ್ನೂ ಕಲಿಸು. ಹಾವಿಗೆ ಹಾಲೆರೆಯಬೇಡ ಎನ್ನುವಂತೆ ಜವಾರಾ ಎಚ್ಚರಿಸಿದರೂ ರುಸ್ತುಂ ಕೊಟ್ಟ ಮಾತು ತಪ್ಪುವುದಿಲ್ಲ, ಹುಡುಗನನ್ನು ಮಗನಂತೆ ಸಾಕುತ್ತಾನೆ. ಮುಂದೆ ರುಸ್ತುಂ ತನ್ನ ಮಲತಮ್ಮ ಶಗಾದ್ ತೋಡಿಸಿದ ಗುಂಡಿಯಲ್ಲಿ ಸತ್ತ ಮೇಲೆ, ಪಟ್ಟವೇರಿದ ಬಹ್ಮನ್ ರುಸ್ತುಮನ ನಾಡು ಸೀಸ್ತಾನದ ಮೇಲೆ ದಂಡೆತ್ತಿ ಹೋಗುತ್ತಾನೆ. ರುಸ್ತುಮನ ಮಗ ಫರಾಮರ್ಜ್‌ನನ್ನು ಕೊಲ್ಲಿಸುತ್ತಾನೆ, ರುಸ್ತುಮನ ಮುದುಕ ತಂದೆ ಜಾಲ್‌ನನ್ನು ಸೆರೆಗೆ ಹಾಕುತ್ತಾನೆ. ಚಿಕ್ಕಪ್ಪ ಪಶೂತನ್ ಬುದ್ಧಿ ಹೇಳಿದ ಮೇಲೆ ಮನಸ್ಸು ಕರಗಿ ಜಾಲ್‌ನನ್ನು ಬಿಡುತ್ತಾನೆ. ‘ಒಳ್ಳೆಯ ಮನಸ್ಸು’ ಎಂದು ಹೆಸರಿಟ್ಟುಕೊಂಡವನು ಸೇಡು ಮತ್ತು ಋಣದ ನಡುವೆ ಸಿಕ್ಕಿಬಿದ್ದ ಈ ಭಾಗ ಶಾಹನಾಮೆಯ ಅತಿ ನೋವಿನ ಪುಟಗಳಲ್ಲಿ ಒಂದೆಂದು ನನ್ನ ಎಣಿಕೆ.

ಇತಿಹಾಸದ ದೃಷ್ಟಿಯಿಂದ ಮುಖ್ಯವಾದದ್ದು ಇನ್ನೊಂದು ಎಳೆ. ಬಹ್ಮನ್ ತನ್ನ ನಂತರದ ಪಟ್ಟವನ್ನು ಮಗ ಸಾಸಾನ್‌ಗೆ ಕೊಡದೆ ಹುಮಾಯ್ ಎಂಬ ರಾಣಿಗೂ ಅವಳ ಹೊಟ್ಟೆಯಲ್ಲಿದ್ದ ಮಗುವಿಗೂ ಕೊಡುತ್ತಾನೆ. ಸಾಸಾನ್ ಬೇಸರಗೊಂಡು ದೇಶ ಬಿಡುತ್ತಾನೆ. ಅವನ ಪೀಳಿಗೆಯಲ್ಲಿ ಹುಟ್ಟಿದವನೇ ಮೂರನೆಯ ಶತಮಾನದಲ್ಲಿ ಸಾಸಾನಿ ಸಾಮ್ರಾಜ್ಯ ಕಟ್ಟಿದ ಅರ್ದಶೀರ್ ಎಂದು ಶಾಹನಾಮೆ ಹೇಳುತ್ತದೆ. ಅಂದರೆ, ಹೊಸದಾಗಿ ಗದ್ದುಗೆ ಏರಿದವನು ತನ್ನ ಬೇರನ್ನು ಹಳೆಯ ಅರಸರವರೆಗೆ ಒಯ್ಯಬೇಕಾದರೆ ನಡುವೆ ಹಿಡಿಯುವ ಕೊಂಡಿ ಬಹ್ಮನ್.

ಇದನ್ನು ನೆನಪಿಟ್ಟುಕೊಂಡು 1347ಕ್ಕೆ ಬರೋಣ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಖನ್ನಿನ ಸರದಾರರು ಎದ್ದರು. ಜಫರ್ ಖಾನ್ ಎಂಬ ಬಿರುದಿದ್ದ ಹಸನ್ ಆ ವರ್ಷದ ಆಗಸ್ಟ್‌ನಲ್ಲಿ ದೌಲತಾಬಾದಿನಲ್ಲಿ ಸುಲ್ತಾನನಾದ, ಬಳಿಕ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ನಾಣ್ಯಗಳ ಮೇಲೆ ಅವನ ಹೆಸರಿರುವುದು ‘ಬಹ್ಮನ್ ಶಾಹ್’ ಎಂದು. ಇಸ್ಫಂದಿಯಾರನ ಮಗ ಬಹ್ಮನ್‌ನ ವಂಶದವನು ತಾನು ಎಂಬುದು ಆ ಮನೆತನ ಹೇಳಿಕೊಂಡ ಕುಲಕಥೆ. ಅವನ ಆಸ್ಥಾನಕ್ಕೆ 1350ರಲ್ಲಿ ಇಸಾಮಿ ಎಂಬ ಕವಿ ಅರ್ಪಿಸಿದ ‘ಫುತೂಹ್‌ಉಸ್ಸಲಾತೀನ್’ ಶಾಹನಾಮೆಯ ಛಂದಸ್ಸಿನಲ್ಲೇ ಇದೆ. ಕಲಬುರಗಿಯ ಹೊಸ ಅರಸನಿಗೆ ಇರಾನಿನ ಹಳೆಯ ಮಹಾಕಾವ್ಯದ ನೆರಳು ಬೇಕಿತ್ತು.

ನಮ್ಮಲ್ಲಿ ಹೆಚ್ಚು ಹಬ್ಬಿರುವುದು ಮಾತ್ರ ಬೇರೆ ಕಥೆ. ಹಸನ್ ದೆಹಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯ ಆಳಾಗಿದ್ದ, ಹೊಲ ಉಳುವಾಗ ಸಿಕ್ಕ ಹೊನ್ನಿನ ಕೊಡವನ್ನು ಪ್ರಾಮಾಣಿಕವಾಗಿ ಒಡೆಯನಿಗೆ ಒಪ್ಪಿಸಿದ, ನೀನು ಅರಸನಾಗುತ್ತೀಯೆ ಎಂದು ಗಂಗು ಹರಸಿದ, ಆ ಋಣಕ್ಕೆ ‘ಬ್ರಾಹ್ಮಣ’ ಎಂಬುದೇ ‘ಬಹಮನಿ’ ಆಯಿತು ಎಂದು. ಇದನ್ನು ಬರೆದವನು ಇತಿಹಾಸಕಾರ ಫೆರಿಷ್ತಾ, ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ. ಅಂದರೆ ಘಟನೆ ನಡೆದು ಎರಡೂವರೆ ಶತಮಾನ ಕಳೆದ ಮೇಲೆ. ಕಥೆ ಸೊಗಸಾಗಿದೆ, ಎರಡು ಮಾತುಗಳ ಉಲಿ ಹತ್ತಿರವಿರುವುದರಿಂದ ಕಿವಿಗೆ ಒಪ್ಪುತ್ತದೆ. ಆದರೆ ನಾಣ್ಯದ ಮೇಲಿನ ಅಕ್ಷರ ಸಮಕಾಲೀನ ಸಾಕ್ಷಿ, ಅದು ಬಹ್ಮನ್ ಎಂದೇ ಹೇಳುತ್ತದೆ. ನಾನು ನಾಣ್ಯವನ್ನೇ ನಂಬುತ್ತೇನೆ.

ಇರಾನಿನ ನಂಟು ಮುಂದೆಯೂ ಬೆಳೆಯಿತು. 1367ರಲ್ಲಿ ಮುಗಿದ ಕಲಬುರಗಿ ಕೋಟೆಯ ಜಾಮಿ ಮಸೀದಿಯ ಶಾಸನದಲ್ಲಿ ಕಜ್ವೀನ್ ಮೂಲದ ರಫೀ ಎಂಬವನ ಹೆಸರಿದೆ. ಬೀದರಿನಲ್ಲಿ ಅಹ್ಮದ್ ಶಾಹನ ಕಾಲಕ್ಕೆ ಇಸ್ಫರಾಯಿನ್ನಿನಿಂದ ಬಂದ ಕವಿ ಆಜರಿ ಈ ಅರಸರ ಚರಿತ್ರೆಯನ್ನು ‘ಬಹ್ಮನ್ ನಾಮೆ’ ಎಂದು ಹಾಡಿದ. ಆ ಕಾವ್ಯ ಇಂದು ಉಳಿದಿಲ್ಲ, ಅದು ದೊಡ್ಡ ನಷ್ಟ.

ಇನ್ನು ಹೆಸರಿನ ಬಳಕೆ. ಇರಾನನ್ನು ಆಳಿದ ಕಾಜಾರ್ ಮನೆತನದಲ್ಲಿ ಅಬ್ಬಾಸ್ ಮಿರ್ಜಾನ ಮಗ ಬಹ್ಮನ್ ಮಿರ್ಜಾ ಎಂಬ ರಾಜಕುಮಾರನಿದ್ದ. 1925ರಲ್ಲಿ ಇರಾನ್ ಹಳೆಯ ತಿಂಗಳ ಹೆಸರುಗಳನ್ನು ಅಧಿಕೃತವಾಗಿ ಮರಳಿ ತಂದಿತು. ಪಹ್ಲವಿ ಅರಸರ ಕಾಲದಲ್ಲಿ ಇಸ್ಲಾಂಪೂರ್ವದ ಹೆಸರುಗಳಿಗೆ ಒಲವು ಹೆಚ್ಚಿತು. ಹೆಸರಾಂತ ಬಹ್ಮನ್‌ಗಳ ಹುಟ್ಟಿದ ವರ್ಷ ನೋಡಿ: ಚಿತ್ರಕಾರ, ಶಿಲ್ಪಿ ಬಹ್ಮನ್ ಮೊಹಸ್ಸೆಸ್ 1931, ಸಿನಿಮಾ ನಿರ್ದೇಶಕ ಬಹ್ಮನ್ ಫರ್ಮಾನಾರಾ 1942, ಛಾಯಾಗ್ರಾಹಕ ಬಹ್ಮನ್ ಜಲಾಲಿ 1944, ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಕುರ್ದಿಶ್ ನಿರ್ದೇಶಕ ಬಹ್ಮನ್ ಘೊಬಾದಿ 1969. ಇಂದು ಅಲ್ಲಿ ಹುಟ್ಟುವ ಗಂಡುಮಕ್ಕಳಿಗೆ ಅಮೀರ್ ಅಲಿ, ಮುಹಮ್ಮದ್, ಹುಸೇನ್ ಮುಂತಾದ ಹೆಸರುಗಳೇ ಹೆಚ್ಚು. ಬಹ್ಮನ್ ಎಂದರೆ ಅಪ್ಪ, ಅಜ್ಜನ ತಲೆಮಾರಿನ ಹೆಸರು. ರಾಜಕೀಯವೂ ಆ ಮಾತಿಗೆ ಅಂಟಿಕೊಂಡಿದೆ: 1979ರ ಫೆಬ್ರವರಿ 11, ಇರಾನಿನ ಕ್ರಾಂತಿ ಗೆದ್ದ ದಿನ, ಅಲ್ಲಿಯ ಪಂಚಾಂಗದಲ್ಲಿ ಬಹ್ಮನ್ 22. ಪ್ರತಿ ವರ್ಷ ಆ ದಿನ ಸರ್ಕಾರಿ ಆಚರಣೆ ನಡೆಯುತ್ತದೆ.

ಭಾರತದಲ್ಲಿ ಇದು ಪಾರ್ಸಿ ಮತ್ತು ಇರಾನಿ ಜರತುಷ್ಟ್ರ ಮನೆಗಳಲ್ಲಿ ಉಳಿದಿದೆ, ಆದರೆ ರೂಪ ಬದಲಿಸಿಕೊಂಡು. ಗುಜರಾತಿ ನಾಲಿಗೆಯಲ್ಲಿ ಹಕಾರ ಕರಗಿ ಬಹ್ಮನ್ ‘ಬೊಮನ್’ ಆಯಿತು, ಗೌರವಕ್ಕೆ ‘ಜಿ’ ಸೇರಿ ‘ಬೊಮನ್‌ಜಿ’. ಹಿಂದಿ ಸಿನಿಮಾದ ನಟ ಬೊಮನ್ ಇರಾನಿಯ ಹೆಸರೂ ಇದೇ. ಕನ್ನಡದಲ್ಲಿ ಮಗುವಿಗೆ ಈ ಹೆಸರಿಡುವವರು ‘ಬಹ್ಮನ್’ ಎಂದು ಒತ್ತಕ್ಷರದಲ್ಲೇ ಬರೆಯುವುದು ಒಳ್ಳೆಯದು. ಹಕಾರವನ್ನು ಹಗುರವಾಗಿ ಉಸುರಿ, ತಡೆಯದೆ ಮಕಾರಕ್ಕೆ ಹೋದರೆ ಟೆಹರಾನಿನವರಿಗೂ ಥಟ್ಟನೆ ತಿಳಿಯುತ್ತದೆ.