ತೆರೆಯದ ಲಕೋಟೆಗಳು: ಸಮಾಜಕಾರ್ಯದಲ್ಲಿ ಸಿಬಿಟಿ

ಕೆಲಸ ಕಳೆದುಕೊಂಡು ನಾಲ್ಕು ತಿಂಗಳಾದ ಒಬ್ಬರನ್ನು ಊಹಿಸಿಕೊಳ್ಳಿ. ಎರಡು ತಿಂಗಳ ಬಾಡಿಗೆ ಬಾಕಿ ಇದೆ, ಸಾಲದ ಕಂತು ತಪ್ಪಿದೆ. ಬಂದ ಲಕೋಟೆಗಳನ್ನು ಒಡೆದೂ ನೋಡದೆ ಮೇಜಿನ ಡ್ರಾಯರಿಗೆ ತುರುಕುತ್ತಿದ್ದಾರೆ. ರಾತ್ರಿ ನಿದ್ದೆ ಹತ್ತದು, ಹಗಲು ಹಾಸಿಗೆ ಬಿಟ್ಟು ಏಳಲು ಮನಸ್ಸಾಗದು. ‘ಎಲ್ಲ ಮುಗಿದುಹೋಯಿತು, ಇನ್ನು ನನ್ನ ಕೈಲಿ ಏನೂ ಆಗಲ್ಲ’ ಎನ್ನುತ್ತಾರೆ. ಇಂಥವರ ಮನೆ ಬಾಗಿಲು ತಟ್ಟುವ ಸಮಾಜ ಕಾರ್ಯಕರ್ತರ ಮುಂದೆ ಎರಡು ಗಂಟುಗಳಿರುತ್ತವೆ. ಬಾಡಿಗೆ ಬಾಕಿ ಒಂದು ಗಂಟು. ಯೋಚನೆಯನ್ನು ಎಷ್ಟು ತಿದ್ದಿದರೂ ಅದು ಬಿಚ್ಚಿಕೊಳ್ಳುವುದಿಲ್ಲ. ‘ಎಲ್ಲ ಮುಗಿಯಿತು’ ಎಂಬುದು ಇನ್ನೊಂದು. ಅದನ್ನು ಸ್ವಲ್ಪವಾದರೂ ಸಡಿಲಿಸದೆ ಮೊದಲನೆಯದಕ್ಕೆ ಕೈ ಹಾಕುವ ಶಕ್ತಿ ಬರುವುದಿಲ್ಲ. ಯೋಚನೆಯನ್ನೂ ವರ್ತನೆಯನ್ನೂ ಪರೀಕ್ಷಿಸಿ ಬದಲಿಸಲು ಕಲಿಸುವ ಅರಿವು-ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಸಮಾಜಕಾರ್ಯದಲ್ಲಿ ಫಲ ಕೊಡಬೇಕಾದರೆ ಈ ಎರಡನ್ನೂ ಒಂದರೊಳಗೊಂದು ಕಲೆಸದೆ ಹಿಡಿಯುವುದು ಗೊತ್ತಿರಬೇಕು.

ಈ ಚಿಕಿತ್ಸೆಯ ಒಂದು ಬೇರು 1960ರ ದಶಕದ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಆರನ್ ಬೆಕ್ ಮನೋವಿಶ್ಲೇಷಣೆಯಲ್ಲಿ ಪಳಗಿದ ಮನೋವೈದ್ಯರು. ಖಿನ್ನತೆಯೆಂದರೆ ತನ್ನ ಮೇಲೆಯೇ ತಿರುಗಿದ ಸಿಟ್ಟು ಎಂಬ ಅಂದಿನ ನಂಬಿಕೆಗೆ ರೋಗಿಗಳ ಕನಸುಗಳಲ್ಲಿ ಪುರಾವೆ ಹುಡುಕಲು ಹೊರಟರು. ಸಿಟ್ಟು ಸಿಗಲಿಲ್ಲ; ಸೋಲು, ನಷ್ಟ, ತಿರಸ್ಕಾರಗಳೇ ಮತ್ತೆ ಮತ್ತೆ ಕಂಡವು. ಎಚ್ಚರವಿದ್ದಾಗಲೂ ರೋಗಿಗಳ ತಲೆಯಲ್ಲಿ ಅದೇ ಧಾಟಿಯ ಚುಟುಕು ಯೋಚನೆಗಳು ತಂತಾನೇ ಹಾದುಹೋಗುತ್ತಿದ್ದವು. ಯಾರೂ ಅವನ್ನು ಪರೀಕ್ಷಿಸಿ ನೋಡುತ್ತಿರಲಿಲ್ಲ, ನಿಜವೆಂದೇ ನಂಬಿಬಿಡುತ್ತಿದ್ದರು. ಇದಕ್ಕೆ ಕೆಲವು ವರ್ಷ ಮೊದಲೇ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಇದೇ ದಿಕ್ಕಿನಲ್ಲಿ ಕೆಲಸ ಶುರುಮಾಡಿದ್ದರು. ಭಯವನ್ನು ಹಂತಹಂತವಾಗಿ ಎದುರಿಸುವ ವರ್ತನಾ ಚಿಕಿತ್ಸೆ ಬೇರೆ ಕಡೆ ಬೆಳೆಯುತ್ತಿತ್ತು. ಇವೆಲ್ಲ ಸೇರಿ ಇಂದಿನ ಸಿಬಿಟಿಯಾಯಿತು.

ಸಮಾಜಕಾರ್ಯದ ಮೊದಲ ಪಾಠವೇ ಬೇರೆ: ವ್ಯಕ್ತಿಯನ್ನು ಅವರ ಮನೆ, ಆದಾಯ, ನೆರೆಹೊರೆ, ಕಾನೂನುಗಳ ನಡುವೆಯೇ ಇಟ್ಟು ನೋಡಬೇಕು. ಸಿಬಿಟಿಯನ್ನು ಅರ್ಧ ಕಲಿತವರು ಎಡವುವುದು ಇಲ್ಲಿ. ಹಸಿದವರ ಚಿಂತೆಯನ್ನು ‘ಯೋಚನೆಯ ದೋಷ’ ಎಂದು ಕರೆದುಬಿಡುತ್ತಾರೆ. ಅದು ಚಿಕಿತ್ಸೆಯಾಗುವುದಿಲ್ಲ, ಗಾಯದ ಮೇಲೆ ಬರೆ ಎಳೆದಂತಾಗುತ್ತದೆ.

ಹಾಗಾಗಿ ಮೊದಲ ಒಂದೆರಡು ಭೇಟಿ ಪೂರ್ತಿ ವಿಚಾರಣೆಗೆ ಮೀಸಲು. ಖಿನ್ನತೆಯ ಅಳತೆಗೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಸಾಕು. ಅದರಲ್ಲಿ 9 ಪ್ರಶ್ನೆಗಳಿವೆ, ಹಿಂದಿನ ಎರಡು ವಾರಗಳ ಬಗ್ಗೆ ಕೇಳುತ್ತವೆ. ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಮೊತ್ತ 5 ಮುಟ್ಟಿದರೆ ಸೌಮ್ಯ, 10 ಮಧ್ಯಮ, 15 ತುಸು ತೀವ್ರ, 20 ತೀವ್ರ ಎಂದು ಲೆಕ್ಕ. ಇದು ರೋಗನಿರ್ಣಯ ಮಾಡುವುದಿಲ್ಲ. ಜಾಸ್ತಿಯಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ತೋರಿಸುತ್ತದೆ, ಅಷ್ಟೇ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅಲ್ಲಿ 0 ಬಿಟ್ಟು ಬೇರೆ ಏನೇ ಬಂದರೂ ಅಂದೇ, ಆ ಕೋಣೆಯಲ್ಲೇ, ನೇರವಾಗಿ ಕೇಳಬೇಕು: ಯೋಚನೆ ಬಂದಿದೆಯೇ, ದಾರಿ ಗೊತ್ತುಮಾಡಿಕೊಂಡಿದ್ದೀರಾ, ಬೇಕಾದ ವಸ್ತು ಕೈಗೆಟುಕುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದುಂಟೇ? ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆಗೆ ಆಧಾರವಿಲ್ಲ. ಬಾಯಿಬಿಟ್ಟು ಕೇಳಿದವರ ಹತ್ತಿರ ಜನ ಹಗುರಾಗುತ್ತಾರೆ.

ಥೈರಾಯ್ಡ್ ಕೊರತೆ, ರಕ್ತಹೀನತೆಗಳೂ ಖಿನ್ನತೆಯ ವೇಷದಲ್ಲೇ ಬರುವುದರಿಂದ ವೈದ್ಯರ ತಪಾಸಣೆ ಆಗಿದೆಯೇ ಎಂದು ವಿಚಾರಿಸಬೇಕು. ಇಲ್ಲದ ದನಿ ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯೇ ಬೇಡವೆನ್ನುವಷ್ಟು ಉಬ್ಬರವಿದ್ದರೆ ಮನೋವೈದ್ಯರ ಹತ್ತಿರ ಕಳಿಸುವುದು ಮೊದಲ ಕೆಲಸ. ಮನೆಯಲ್ಲಿ ಹೊಡೆತ ತಿನ್ನುವವರು ‘ಅವನು ನನ್ನನ್ನು ಬಿಡುವುದಿಲ್ಲ’ ಎಂದರೆ ಆ ಮಾತಿಗೆ ಪುರಾವೆ ಕೇಳುತ್ತ ಕೂರಬಾರದು. ಅವರ ಭಯ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಎಲ್ಲಿಗೆ ಹೋಗಬಹುದು, ಯಾರಿಗೆ ಫೋನ್ ಮಾಡಬಹುದು, ಯಾವ ದಾಖಲೆಗಳನ್ನು ಎತ್ತಿಟ್ಟುಕೊಳ್ಳಬೇಕು ಎಂಬ ಸುರಕ್ಷತಾ ಯೋಜನೆ ಅಲ್ಲಿ ಮೊದಲು ಬರುತ್ತದೆ.

ಇಷ್ಟಾದ ಮೇಲೆ ಗಂಟುಗಳನ್ನು ಬೇರ್ಪಡಿಸಲು ಒಂದು ಹಾಳೆ ಸಾಕು. ಅದನ್ನು ಮೂರು ಪಟ್ಟಿಯಾಗಿ ಮಡಚಿ: ನಡೆದದ್ದು, ನಾನು ಅರ್ಥ ಮಾಡಿಕೊಂಡದ್ದು, ಮುಂದೆ ಹೀಗಾಗುತ್ತದೆ ಅಂದುಕೊಂಡದ್ದು. ಕ್ಯಾಮೆರಾದಲ್ಲಿ ಸೆರೆಸಿಗುವಂಥದ್ದು, ಕಾಗದಪತ್ರದಲ್ಲಿ ತೋರಿಸಬಹುದಾದದ್ದು ಮಾತ್ರ ಮೊದಲ ಪಟ್ಟಿಗೆ ಹೋಗುತ್ತದೆ. ‘ಎರಡು ತಿಂಗಳ ಬಾಡಿಗೆ ಕೊಟ್ಟಿಲ್ಲ’ ಮೊದಲ ಪಟ್ಟಿ. ‘ನಾನು ದಂಡಪಿಂಡ’ ಎರಡನೆಯದು. ‘ಬೀದಿಗೆ ಬೀಳುತ್ತೇವೆ’ ಮೂರನೆಯದು. ಮೊದಲ ಪಟ್ಟಿಗೆ ಸಮಸ್ಯೆ ಬಿಡಿಸುವ ಕ್ರಮ ಬೇಕು: ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಹೇಳು, ತೀರ್ಪು ಕೊಡದೆ ತೋಚಿದ ದಾರಿಗಳನ್ನೆಲ್ಲ ಬರೆ, ಲಾಭ-ನಷ್ಟ ತೂಗು, ಒಂದನ್ನು ಆರಿಸು, ಮಾಡಿ ನೋಡು, ಫಲಿತಾಂಶ ಪರಿಶೀಲಿಸು. ಸರ್ಕಾರಿ ನೆರವಿನ ಅರ್ಜಿ, ಕಂತು ಮರುಹೊಂದಿಸುವ ಪತ್ರ, ಮಾಲೀಕರ ಜೊತೆ ಮಾತುಕತೆ ಎಲ್ಲ ಇಲ್ಲೇ ಬರುತ್ತವೆ. ಸಮಾಜ ಕಾರ್ಯಕರ್ತರು ಅರ್ಜಿಯ ಜೊತೆ ಕಚೇರಿಯ ಬಾಗಿಲವರೆಗೂ ಹೋಗಬಲ್ಲರು. ಕ್ಲಿನಿಕ್ಕಿನೊಳಗೇ ಕೂತ ಚಿಕಿತ್ಸಕರಿಗೆ ಈ ಅನುಕೂಲವಿಲ್ಲ.

ಎರಡು, ಮೂರನೆಯ ಪಟ್ಟಿಗೆ ಯೋಚನಾ ದಾಖಲೆ ಎಂಬ ಸಲಕರಣೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸಂದರ್ಭ: ಮಂಗಳವಾರ ಬೆಳಿಗ್ಗೆ ಮನೆ ಮಾಲೀಕರು ಮೆಟ್ಟಿಲ ಮೇಲೆ ಎದುರಾದರು, ಮಾತಾಡಿಸದೆ ಹೋದರು. ಭಾವನೆ: ಭಯ, 100ಕ್ಕೆ 85. ಆಗ ತಲೆಗೆ ಬಂದದ್ದು: ‘ನಮ್ಮನ್ನು ಖಾಲಿ ಮಾಡಿಸಲು ತೀರ್ಮಾನಿಸಿಬಿಟ್ಟಿದ್ದಾರೆ’, ನಂಬಿಕೆ 90. ಇನ್ನು ಕಾರ್ಯಕರ್ತರ ಪ್ರಶ್ನೆಗಳು. ‘ಹಾಗನ್ನಿಸಲು ಏನೇನು ಕಾರಣ ಇದೆ?’ ಬಾಕಿ ಇದೆ, ಮುಖ ಗಂಟಿಕ್ಕಿತ್ತು. ‘ಇದಕ್ಕೆ ಹೊಂದದ ಸಂಗತಿ ಏನಾದರೂ ಇದೆಯೇ?’ ಸ್ವಲ್ಪ ಹೊತ್ತು ಮೌನ. ಆಮೇಲೆ: ಹೋದ ವಾರ ‘ಯಾವಾಗ ಕೊಡ್ತೀರಿ’ ಎಂದು ಕೇಳಿದ್ದರು, ನೋಟಿಸು ಬಂದಿಲ್ಲ, ಹೌದು, ಆಗ ಅವರ ಕಿವಿಯಲ್ಲಿ ಫೋನಿತ್ತು. ‘ಇಷ್ಟನ್ನೂ ಸೇರಿಸಿ ಬರೆಯುವುದಾದರೆ ಏನು ಬರೆಯುತ್ತೀರಿ?’ ಹಾಳೆಯ ಮೇಲೆ ಮೂಡಿದ್ದು ಇದು: ‘ಬಾಕಿಯಿಂದ ಅವರಿಗೆ ಬೇಸರವಾಗಿರಬಹುದು. ಖಾಲಿ ಮಾಡಿಸುತ್ತಾರೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ, ಕೇಳಿದರೆ ಗೊತ್ತಾಗುತ್ತದೆ.’ ಹೊಸ ಮಾತಿನ ಮೇಲೆ ನಂಬಿಕೆ 70, ಭಯ 50.

ಭಯ ಸೊನ್ನೆಗೆ ಇಳಿದಿಲ್ಲ, ಇಳಿಯಲೂಬಾರದು. ಬಾಕಿ ಇನ್ನೂ ಇದೆ. ‘ಎಲ್ಲ ಒಳ್ಳೆಯದಾಗುತ್ತದೆ’ ಎಂದು ಬರೆಸಿದ್ದರೆ ಅದನ್ನು ಬರೆದವರೇ ನಂಬುತ್ತಿರಲಿಲ್ಲ. ಹೊಸ ಮಾತಿಗೂ ನಂಬಿಕೆಯ ಅಂಕ ಕೇಳುವುದು ಇದಕ್ಕಾಗಿಯೇ: 30, 40 ಬಂದರೆ ಆ ವಾಕ್ಯ ಕಾರ್ಯಕರ್ತರದ್ದು, ಎದುರು ಕೂತವರದ್ದಲ್ಲ. 85 ಇದ್ದ ಭಯ 50ಕ್ಕೆ ಬಂದಾಗ ಮಾಲೀಕರ ಬಾಗಿಲಿಗೆ ಹೋಗಿ ‘ಈ ತಿಂಗಳು ಅರ್ಧ ಕೊಡಬಹುದೇ?’ ಎಂದು ಕೇಳಲು ಕಾಲು ಏಳುತ್ತದೆ. ಉತ್ತರ ಏನೇ ಬರಲಿ, ಊಹೆಯಲ್ಲಿದ್ದ ವಿಷಯ ಮೊದಲ ಪಟ್ಟಿಗೆ ಬಂದು ಕೂರುತ್ತದೆ. ಅಲ್ಲಿ ಅದಕ್ಕೊಂದು ದಾರಿ ಹುಡುಕಬಹುದು.

ಈಗ ಆ ಡ್ರಾಯರಿನ ವಿಷಯ. ಲಕೋಟೆ ನೋಡಿದೊಡನೆ ಎದೆ ಹೊಡೆದುಕೊಳ್ಳುತ್ತದೆ. ಒಳಗೆ ತಳ್ಳಿದೊಡನೆ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಬಲೆ. ತಪ್ಪಿಸಿಕೊಂಡ ಪ್ರತಿ ಸಲವೂ ಮಿದುಳು ‘ಲಕೋಟೆ ಅಪಾಯ, ದೂರವಿಟ್ಟದ್ದಕ್ಕೇ ಬಚಾವಾದೆ’ ಎಂದು ಕಲಿಯುತ್ತದೆ. ಇತ್ತ ಗಡುವುಗಳು ದಾಟುತ್ತವೆ, ದಂಡ ಬೀಳುತ್ತದೆ, ಸುಳ್ಳಾಗಿದ್ದ ಭಯ ನಿಧಾನವಾಗಿ ನಿಜವಾಗುತ್ತದೆ. ಇದನ್ನು ಮುರಿಯಲು ಮೆಟ್ಟಿಲುಗಳನ್ನು ಕಟ್ಟಬೇಕು. ಲಕೋಟೆಗಳನ್ನು ಮೇಜಿನ ಮೇಲೆ ಸುರಿದು, ಒಡೆಯದೆ, ಕಳಿಸಿದವರ ಪ್ರಕಾರ ವಿಂಗಡಿಸುವುದು: ಆತಂಕ 40. ಅಂಚೆ ಮುದ್ರೆಯ ತಾರೀಖಿನಂತೆ ಜೋಡಿಸುವುದು: 45. ಅತ್ಯಂತ ನಿರುಪದ್ರವಿ ಎನಿಸಿದ ಒಂದನ್ನು ಒಡೆಯುವುದು: 55. ಸಾಲದ ಪತ್ರ ಒಡೆದು ಮೊತ್ತ ಮತ್ತು ಗಡುವು ಎರಡನ್ನೇ ಗುರುತು ಹಾಕುವುದು: 75. ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡುವುದು: 90. ಪ್ರತಿ ಮೆಟ್ಟಿಲಿಗೂ ಮುಂಚೆ ‘ಏನಾಗಬಹುದು ಅನ್ನಿಸುತ್ತದೆ?’ ಎಂದು ಬರೆಸಿ, ಆಮೇಲೆ ‘ಏನಾಯಿತು?’ ಎಂದು ಬರೆಸಬೇಕು. ಎದೆಬಡಿತ ಹೆಚ್ಚಿದ ಹೊತ್ತಿಗೆ ‘ಇವತ್ತಿಗೆ ಸಾಕು’ ಎಂದು ಎದ್ದರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಆ ಮೆಟ್ಟಿಲು ಮುಗಿಯುವವರೆಗೆ ಜೊತೆಗಿರಬೇಕು. ಕನಿಕರದಿಂದ ಕಾರ್ಯಕರ್ತರೇ ಎಲ್ಲ ಲಕೋಟೆ ಒಡೆದು ಓದಿ ಹೇಳುವುದೂ ಅಷ್ಟೇ ಕೆಟ್ಟದ್ದು. ಬಿಲ್ಲುಗಳು ಸರಿಹೋಗುತ್ತವೆ, ಭಯ ಇದ್ದಲ್ಲೇ ಇರುತ್ತದೆ.

ಖಿನ್ನತೆ ತೀವ್ರವಾಗಿದ್ದು ಯೋಚನೆ ಬರೆಯುವಷ್ಟೂ ತ್ರಾಣವಿಲ್ಲದಿದ್ದರೆ ಚಟುವಟಿಕೆಯಿಂದ ಶುರುಮಾಡುವುದು ಲೇಸು. ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾದರೆ ಮನಸ್ಸು ಬರುವುದೇ ಇಲ್ಲ. ಮಾಡಿದ ಮೇಲೆ ಹಿಂದಿನಿಂದ ಬರುತ್ತದೆ. ಒಂದು ವಾರ ಗಂಟೆಗಂಟೆಗೆ ಏನು ಮಾಡಿದೆ, ಮನಸ್ಸು ಹೇಗಿತ್ತು ಎಂದು ಗುರುತು ಮಾಡಿಸಿ, ಮನಸ್ಸು ಕಾಲಂಶವಾದರೂ ಹಗುರಾದ ಹೊತ್ತುಗಳನ್ನು ಹುಡುಕಿ ಅವನ್ನೇ ದಿನಚರಿಗೆ ಪೋಣಿಸಬೇಕು. ಮನಶ್ಶಾಸ್ತ್ರಜ್ಞ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು 1996ರಲ್ಲಿ ಚಿಕಿತ್ಸೆಯ ಭಾಗಗಳನ್ನು ಬಿಡಿಬಿಡಿಯಾಗಿ ಹೋಲಿಸಿದಾಗ ಬರೀ ಈ ಭಾಗವೇ ಪೂರ್ಣ ಚಿಕಿತ್ಸೆಯಷ್ಟು ಫಲ ಕೊಟ್ಟಿತ್ತು. ಸಮಾಜಕಾರ್ಯಕ್ಕೆ ಇದು ದೊಡ್ಡ ಸುದ್ದಿ, ಏಕೆಂದರೆ ಇದನ್ನು ಕಲಿಸುವುದು ಸುಲಭ. ಪಾಕಿಸ್ತಾನದ ಹಳ್ಳಿಗಳಲ್ಲಿ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಸಿಬಿಟಿ ಆಧಾರಿತ ಮನೆಭೇಟಿಗಳನ್ನು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಗರ್ಭಿಣಿಯರಾಗಿದ್ದಾಗಲೇ ಖಿನ್ನತೆಯಿದ್ದ ತಾಯಂದಿರಲ್ಲಿ, ಹೆರಿಗೆಯಾಗಿ ಆರು ತಿಂಗಳ ಹೊತ್ತಿಗೆ ಈ ಭೇಟಿ ಪಡೆದವರಲ್ಲಿ ಶೇ. 23 ಮಂದಿಗೆ ಖಿನ್ನತೆ ಉಳಿದಿತ್ತು. ಮಾಮೂಲಿ ಭೇಟಿ ಪಡೆದವರಲ್ಲಿ ಶೇ. 53 ಮಂದಿಗೆ. ಆ ಕಾರ್ಯಕರ್ತೆಯರು ಮನಶ್ಶಾಸ್ತ್ರ ಓದಿದವರಲ್ಲ. ಆದರೆ ಅವರಿಗೆ ತರಬೇತಿ, ಬರಹದ ಕೈಪಿಡಿ ಮತ್ತು ನಿಯಮಿತ ಮೇಲ್ವಿಚಾರಣೆ ಇತ್ತು. ಮೂರರಲ್ಲಿ ಮೊದಲು ಕಡಿತವಾಗುವುದು ಸಾಮಾನ್ಯವಾಗಿ ಮೇಲ್ವಿಚಾರಣೆಯೇ, ಅದು ಹೋದಮೇಲೆ ಸೆಷನ್ನುಗಳು ಬರೀ ಹರಟೆಯಾಗುತ್ತವೆ.

ಒಂದು ಸೆಷನ್ನಿಗೆ 50 ನಿಮಿಷವೆಂದುಕೊಂಡರೆ, ಮನಸ್ಥಿತಿ ವಿಚಾರಿಸಲು 5, ಹಿಂದಿನ ಹೋಂವರ್ಕ್ ನೋಡಲು 10, ಅಂದಿನ ಒಂದು ಅಥವಾ ಎರಡೇ ವಿಷಯಕ್ಕೆ 25, ಹೊಸ ಹೋಂವರ್ಕಿಗೆ 7, ‘ಇವತ್ತು ಏನು ಉಪಯೋಗವಾಯಿತು, ಏನು ಹಿಡಿಸಲಿಲ್ಲ?’ ಎಂದು ಕೇಳಲು 3. ಹೋಂವರ್ಕ್ ಕೊಟ್ಟು ಮುಂದಿನ ವಾರ ಅದರ ಮಾತೇ ಎತ್ತದಿದ್ದರೆ ಮೂರನೆಯ ವಾರದಿಂದ ಯಾರೂ ಮಾಡುವುದಿಲ್ಲ. ಏನು, ಯಾವಾಗ, ಎಲ್ಲಿ, ಏನು ಅಡ್ಡ ಬರಬಹುದು ಎಂಬ ನಾಲ್ಕೂ ಗೊತ್ತಾಗಬೇಕು. ‘ಮಾಡುತ್ತೀರೆಂಬ ಭರವಸೆ 10ಕ್ಕೆ ಎಷ್ಟು?’ ಎಂದು ಕೇಳಿ, 7ಕ್ಕಿಂತ ಕಡಿಮೆ ಬಂದರೆ ಕೆಲಸವನ್ನು ಅರ್ಧಕ್ಕಿಳಿಸಿ. ಮಾಡದೆ ಬಂದರೆ ಗದರುವುದು ಬೇಡ. ಲೇಖನಿ ಹಿಡಿದಾಗ ಏನನ್ನಿಸಿತು ಎಂದು ಕೇಳಿದರೆ ಅಂದಿನ ಸೆಷನ್ನಿಗೆ ಬೇಕಾದ ಯೋಚನೆ ಅಲ್ಲೇ ಸಿಗುತ್ತದೆ. ಓದು-ಬರಹ ಬಾರದವರಿಗೆ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಲು ಹೇಳಬಹುದು. ಅಂಕಗಳ ಬದಲು ನೀರಿನ ಲೋಟ ಬರೆದು ಕಾಲು, ಅರ್ಧ, ಮುಕ್ಕಾಲು ತೋರಿಸಿದರೆ ಸಾಕು.

ಹೊಸಬರು ಮಾಡುವ ಅತಿ ದೊಡ್ಡ ತಪ್ಪು ವಾದ. ‘ನೀವು ದಂಡಪಿಂಡ ಹೇಗಾಗ್ತೀರಿ, ಎಷ್ಟು ವರ್ಷ ದುಡಿದಿಲ್ಲವೇ?’ ಎಂದು ಕಾರ್ಯಕರ್ತರು ಒಂದು ಹೇಳಿದರೆ, ಎದುರಿನವರು ತಮ್ಮ ಸೋಲುಗಳ ಹತ್ತು ಉದಾಹರಣೆ ಕೊಡುತ್ತಾರೆ. ಯೋಚನೆ ಮತ್ತಷ್ಟು ಬಿಗಿಯಾಗುತ್ತದೆ. ಉತ್ತರ ಮೊದಲೇ ಗೊತ್ತಿಟ್ಟುಕೊಂಡು ಕೇಳುವ ಪ್ರಶ್ನೆಯೂ ವಾದವೇ. ‘ಯಾಕೆ’ ಎಂಬ ಪ್ರಶ್ನೆ ಆಪಾದನೆಯಂತೆ ಕೇಳಿಸುತ್ತದೆ. ‘ಆಗ ಏನಾಯಿತು’, ‘ಆಮೇಲೆ’, ‘ಇದೇ ಪರಿಸ್ಥಿತಿ ನಿಮ್ಮ ಗೆಳೆಯರಿಗೆ ಬಂದಿದ್ದರೆ ಏನು ಹೇಳುತ್ತಿದ್ದಿರಿ’ ಎನ್ನುವುವು ಬಾಗಿಲು ತೆರೆಯುತ್ತವೆ.

ಸಾಮಾನ್ಯವಾಗಿ 12ರಿಂದ 20 ಸೆಷನ್ನುಗಳಲ್ಲಿ ಕೆಲಸ ಮುಗಿಯುತ್ತದೆ. ಒಂದೇ ಸಮಸ್ಯೆಯಾದರೆ ಇನ್ನೂ ಬೇಗ. ಕೊನೆಯ ಕೆಲವನ್ನು ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂದು ಹಿಗ್ಗಿಸುತ್ತಾರೆ. ಆ ಹೊತ್ತಿಗೆ ಒಂದು ಪುಟದ ಯೋಜನೆ ಸಿದ್ಧವಾಗಬೇಕು, ಅದೂ ಅವರದೇ ಕೈಬರಹದಲ್ಲಿ: ಮತ್ತೆ ಶುರುವಾಗುವ ಮುನ್ನ ನನ್ನಲ್ಲಿ ಕಾಣುವ ಮೂರು ಲಕ್ಷಣ, ಆಗ ನಾನು ಮಾಡುವ ಮೂರು ಕೆಲಸ, ಫೋನ್ ಮಾಡಬೇಕಾದ ಇಬ್ಬರ ನಂಬರು. ನಮ್ಮ ಉದಾಹರಣೆಯವರ ಪುಟದಲ್ಲಿ ಮೊದಲ ಲಕ್ಷಣ ಹೀಗಿರುತ್ತದೆ: ‘ಮೂರು ದಿನ ಕಳೆದರೂ ಒಡೆಯದ ಲಕೋಟೆ.’ ಪಕ್ಕದಲ್ಲಿ ಕೆಲಸ: ‘ಅದೇ ದಿನ ಸಂಜೆ ಆರಕ್ಕೆ ಕೂತು ಮೊತ್ತ, ಗಡುವು ಗುರುತು ಹಾಕು.’